ನಿಮಗಿದು ಗೊತ್ತೆ? ತಿರುವಿನಲ್ಲಿ ಪತ್ತೆಯಾಗುವ ಚಕ್ರದ ದೋಷ

ಕಾರು ಎಡಕ್ಕೆ ತಿರುಗುವಾಗ ಅದರ ಭಾರ ಬಲಬದಿಯ ಚಕ್ರಗಳತ್ತ ವಾಲುತ್ತದೆ. ಬೇರಿಂಗಿನ ದೋಷ ಹುಡುಕಲು ಇದೇ ದಾರಿ. ನೇರ ರಸ್ತೆಯಲ್ಲಿ ಗುಂಯ್‌ಗುಡುವ ಸದ್ದು ಎಡ ತಿರುವಿನಲ್ಲಿ ಜೋರಾಗಿ, ಬಲ ತಿರುವಿನಲ್ಲಿ ತಗ್ಗಿದರೆ ಸಾಮಾನ್ಯವಾಗಿ ಹಾಳಾಗಿರುವುದು ಬಲಬದಿಯ ಬೇರಿಂಗ್. ಸವೆದ ಟೈರೂ ಹೀಗೇ ಮೊರೆಯುವುದುಂಟು. ಆದರೆ ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಟೈರಿನ ದನಿ ಬದಲಾಗುತ್ತದೆ, ಬೇರಿಂಗಿನದು ಅಷ್ಟಾಗಿ ಬದಲಾಗದು.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ‘ಟಕ್ ಟಕ್’ ಕೇಳಿಸಿದರೆ ಅನುಮಾನ ಬೇರೆ ಕಡೆಗೆ ಹೋಗಬೇಕು: ಮುಂದಿನ ಚಕ್ರದ ಸಿ.ವಿ. ಜಾಯಿಂಟ್. ಚಕ್ರ ಎಷ್ಟೇ ಓರೆಯಾದರೂ ಎಂಜಿನ್ನಿನ ಶಕ್ತಿಯನ್ನು ಒಂದೇ ವೇಗದಲ್ಲಿ ಅದಕ್ಕೆ ದಾಟಿಸುವ ಈ ಕೀಲಿನೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳಿರುತ್ತವೆ. 1920ರ ದಶಕದಲ್ಲಿ ಇದನ್ನು ರೂಪಿಸಿದವರು ಫೋರ್ಡ್ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ. 1959ರಲ್ಲಿ ಬಂದ ಬ್ರಿಟನ್ನಿನ ಪುಟ್ಟ ಕಾರು ‘ಮಿನಿ’ ಇದೇ ಬಗೆಯ ಕೀಲು ಬಳಸಿತು. ಎಂಥ ಸೊಗಸಾದ ಯಂತ್ರವಿದು! ಆದರೂ ಇದರ ಆಯುಷ್ಯ ನಿಂತಿರುವುದು ಹೊರಗಿನ ರಬ್ಬರ್ ಬೂಟ್ ಮೇಲೆ. ಅದು ಹರಿದರೆ ಗ್ರೀಸ್ ಹೊರಚೆಲ್ಲಿ, ಕೆಸರು ಒಳನುಗ್ಗಿ, ಗುಂಡುಗಳು ಓಡಾಡುವ ಜಾಡು ಸವೆಯುತ್ತದೆ. ಟಕ್ ಟಕ್ ಹುಟ್ಟುವುದು ಆ ಸವೆತದಿಂದ. ಚಕ್ರದ ಒಳಬದಿಯಲ್ಲಿ ಗ್ರೀಸ್ ಎರಚಿದ ಕಲೆ ಕಂಡರೆ ತಡಮಾಡಬೇಡಿ; ಸದ್ದು ಶುರುವಾಗುವ ಮೊದಲಾದರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕಾಗಬಹುದು, ಆಮೇಲೆ ಜಾಯಿಂಟನ್ನೇ ಹಾಕಿಸಬೇಕು.

ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿದಾಗ ಮಾತ್ರ ಉಜ್ಜಿದ ಸದ್ದಾದರೆ, ಟೈರು ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ ತಾಗುತ್ತಿದೆಯೇ ನೋಡಿ.