‘ಎಕ್ಲೇಸಿಯಾ’ – ಕರೆದಾಗ ಕೂಡಿಬರುವ ಜನ



ಜೂನ್ 29ರಂದು ನಾವು ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವವನ್ನು ಆಚರಿಸುತ್ತೇವೆ. ಅಂದಿನ ಶುಭಸಂದೇಶದಲ್ಲಿ (ಮತ್ತಾಯ 16:13-19) ಯೇಸುಸ್ವಾಮಿ ಪೇತ್ರನೆಂಬ ಬಂಡೆಯ ಮೇಲೆ ತಮ್ಮ ಧರ್ಮಸಭೆಯನ್ನು ಕಟ್ಟುವುದಾಗಿ ಹೇಳುತ್ತಾರೆ. ‘ಧರ್ಮಸಭೆ’ ಎಂದು ನಾವು ಓದುವಲ್ಲಿ ಗ್ರೀಕ್ ಮೂಲದಲ್ಲಿರುವ ಪದ ‘ಎಕ್ಲೇಸಿಯಾ’.

‘ಎಕ್’ ಎಂದರೆ ಹೊರಗೆ. ‘ಕಲೇಓ’ ಎಂದರೆ ಕರೆಯುತ್ತೇನೆ. ಲೋಕವನ್ನೇ ಬಿಟ್ಟು ಹೊರಗೆ ಬರಬೇಕೆಂಬುದು ಇದರ ಅರ್ಥವಲ್ಲ; ಮನೆಯಿಂದ ಹೊರಟು ಸಭೆಗೆ ಬರುವುದು ಎಂದಷ್ಟೇ. ಅಥೆನ್ಸ್ ಪಟ್ಟಣದ ಪೌರರು ಪ್ನಿಕ್ಸ್ ಗುಡ್ಡದ ಮೇಲೆ ಸೇರುತ್ತಿದ್ದ ಸಭೆಗೆ ಈ ಹೆಸರಿತ್ತು. ಡಂಗುರ ಸಾರಿದಾಗ ಊರ ಜನ ಚಾವಡಿಯ ಮುಂದೆ ಕೂಡುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಎಫೆಸ ಪಟ್ಟಣದ ಜನಸಭೆಗೂ ಬೈಬಲಿನಲ್ಲಿ ಇದೇ ಪದವಿದೆ (ಪ್ರೇಷಿತರ ಕಾರ್ಯಕಲಾಪಗಳು 19:39). ಯೆಹೂದ್ಯರು ತಮ್ಮ ಪವಿತ್ರ ಗ್ರಂಥವನ್ನು ಗ್ರೀಕಿಗೆ ಅನುವಾದಿಸಿದಾಗ, ದೇವರ ಮುಂದೆ ಕೂಡಿದ ಇಸ್ರಯೇಲ್ ಜನತೆಯನ್ನು ಸೂಚಿಸುವ ‘ಕಾಹಾಲ್’ ಎಂಬ ಹಿಬ್ರೂ ಪದಕ್ಕೆ ಅನೇಕ ಕಡೆ ‘ಎಕ್ಲೇಸಿಯಾ’ ಎಂದೇ ಬರೆದರು.

ಈ ಪದ ನಮ್ಮ ನಾಡಿಗೂ ಬಂದಿದೆ. ಲತೀನಿನಲ್ಲಿ ‘ಎಕ್ಲೇಸಿಯ’, ಪೋರ್ಚುಗೀಸಿನಲ್ಲಿ ‘ಇಗ್ರೇಜ’ ಆಗಿ, ಕರಾವಳಿಯ ಕಥೋಲಿಕರ ಬಾಯಲ್ಲಿ ಅದು ‘ಇಗರ್ಜಿ’ಯಾಯಿತು. ಆದರೆ ಇಗರ್ಜಿ ಎಂದೊಡನೆ ನಮಗೆ ಹೊಳೆಯುವುದು ಕಟ್ಟಡ. ಸಂತ ಪೌಲರಿಗಾದರೋ ಎಕ್ಲೇಸಿಯಾ ಎಂದರೆ ಜನ. ಪ್ರಿಸ್ಕ ಮತ್ತು ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುತ್ತಿದ್ದ ಸಭೆಗೂ ಅವರು ವಂದನೆ ಹೇಳುತ್ತಾರೆ (ರೋಮನರಿಗೆ 16:5).

ಪದದ ಎರಡು ರೂಪಗಳನ್ನೂ ಗಮನಿಸೋಣ. ಗಲಾತ್ಯದ ಸಭೆಗಳಿಗೆ ಬರೆಯುವಾಗ ಪೌಲರು ‘ಎಕ್ಲೇಸಿಯಾಯ್’ ಎಂಬ ಬಹುವಚನದ ರೂಪವನ್ನು ಬಳಸುತ್ತಾರೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಅದು ಏಕವಚನ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳಲ್ಲಿ ಚದುರಿರುವ ನಮ್ಮ ಕುಟುಂಬಗಳು ಕೂಡಿ ಪ್ರಾರ್ಥಿಸುವ ಒಂದೊಂದು ಕಡೆಯೂ ಎಕ್ಲೇಸಿಯಾ. ಎಲ್ಲರೂ ಸೇರಿ ಒಂದೇ ಎಕ್ಲೇಸಿಯಾ. ಜನ ಕಡಿಮೆ, ಕಟ್ಟಡ ಚಿಕ್ಕದು ಎಂದು ಯಾರೂ ಕುಗ್ಗಬೇಕಾಗಿಲ್ಲ.

ಒಂದು ದೊಡ್ಡ ವ್ಯತ್ಯಾಸವಿದೆ. ಅಥೆನ್ಸಿನ ಸಭೆಯಲ್ಲಿ ಹೆಂಗಸರಿಗೆ, ಗುಲಾಮರಿಗೆ, ಪರಸ್ಥಳದವರಿಗೆ ಸ್ಥಾನವಿರಲಿಲ್ಲ. ಕ್ರಿಸ್ತರ ಸಭೆಯಲ್ಲಿ ಆ ಭೇದವಿಲ್ಲವೆಂದು ಪೌಲರು ಸಾರಿದರು (ಗಲಾತ್ಯರಿಗೆ 3:28). ಹಾಗಾದರೆ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಕೂಲಿ ಅರಸಿ ಬಂದ ಕುಟುಂಬ ನಮ್ಮ ಪೂಜೆಯಲ್ಲಿ ಹಿಂದಿನ ಸಾಲಿನಲ್ಲೇ ಉಳಿದಿದೆಯೇ? ಹೊಲದ ಬದುವಿನ ಜಗಳದಿಂದ ಪೂಜೆಗೆ ಬರುವುದನ್ನೇ ಬಿಟ್ಟ ಸಹೋದರನನ್ನು ಯಾರಾದರೂ ಹೋಗಿ ಕರೆದಿದ್ದೇವೆಯೇ? ನಾಲ್ಕು ಶುಭಸಂದೇಶಗಳಲ್ಲಿ ಈ ಪದ ಬರುವುದು ಎರಡೇ ವಚನಗಳಲ್ಲಿ. ಒಂದು ಪೇತ್ರನ ಬಂಡೆಯದು. ಇನ್ನೊಂದು, ತಪ್ಪಿದ ಸಹೋದರನನ್ನು ಮರಳಿ ಗಳಿಸಿಕೊಳ್ಳುವ ಸಂದರ್ಭದ್ದು (ಮತ್ತಾಯ 18:17).

ಹಬ್ಬದ ದಿನಗಳು ಮುಂಗಾರಿನ ಹೊಲದ ಕೆಲಸದ ದಿನಗಳೂ ಹೌದು. ಆದರೂ ಪೂಜೆಗೆ ಹೊರಡುವಾಗ ದಾರಿಯಲ್ಲಿ ಒಂದು ಬಾಗಿಲು ತಟ್ಟಿ, “ಬರ್ರಿ, ಕೂಡಿ ಹೋಗೋಣ” ಎನ್ನೋಣ. ಕರೆಯಲ್ಪಟ್ಟವರು ಕರೆಯುವವರಾದಾಗಲೇ ಧರ್ಮಸಭೆ ಬೆಳೆಯುತ್ತದೆ. ಸಂತ ಪೇತ್ರರೇ, ಸಂತ ಪೌಲರೇ, ನಮಗಾಗಿ ಪ್ರಾರ್ಥಿಸಿರಿ.