ಬೆಂಕಿಯ ಬೇಸಿಗೆ, ಪ್ರಧಾನಿಯ ರಜೆ

2019ರ ಡಿಸೆಂಬರ್‌ನಲ್ಲಿ ಸಿಡ್ನಿಯ ನಮ್ಮ ಹಿತ್ತಲಲ್ಲಿ ಒಣಹಾಕಿದ ಬಟ್ಟೆಯ ಮೇಲೆಲ್ಲ ಕಾಳ್ಗಿಚ್ಚಿನಲ್ಲಿ ಸುಟ್ಟ ನೀಲಗಿರಿ ಎಲೆಯ ಚೂರು. ಆಗಿನ ಆಸ್ಟ್ರೇಲಿಯಾ ಪ್ರಧಾನಿ ಸ್ಕಾಟ್ ಮಾರಿಸನ್ ಹವಾಯಿಗೆ ರಜೆಗೆ ಹೋಗಿದ್ದರು. ನೀರಿನ ಪೈಪು ಹಿಡಿಯುವವನು ನಾನಲ್ಲವಲ್ಲ ಎಂದು ಅಲ್ಲಿಂದಲೇ ರೇಡಿಯೋಗೆ ಹೇಳಿದರು. ಪೈಪು ಹಿಡಿಯಿರಿ ಅಂತ ಕೇಳಿದವರಾದರೂ ಯಾರು? ಗ್ರೆಗ್ ಮಲಿನ್ಸ್ ಮುಂತಾದ ನಿವೃತ್ತ ಅಗ್ನಿಶಾಮಕ ಮುಖ್ಯಸ್ಥರು ಏಪ್ರಿಲ್‌ನಲ್ಲೇ ಕೇಳಿದ್ದು ಬೇರೆ: ಹವಾಮಾನ ಕೆಡುತ್ತಿದೆ, ಕಾಳ್ಗಿಚ್ಚು ಉಗ್ರವಾಗುತ್ತಿದೆ, ಮಾತಾಡಲು ಸಮಯ ಕೊಡಿ. ಸಿಗಲಿಲ್ಲ. ಬೆಂಕಿಗೆ 33 ಜನ ಬಲಿಯಾದರು, 3,000ಕ್ಕೂ ಹೆಚ್ಚು ಮನೆ ಸುಟ್ಟವು.

ರಜೆಯಿಂದ ಮರಳಿದ ಪ್ರಧಾನಿ ಬೆಂಕಿಗೆ ತುತ್ತಾದ ಕೊಬಾರ್ಗೊ ಊರಿಗೆ ಹೋದಾಗ ಒಬ್ಬಾಕೆ ಅವರ ಕೈ ಕುಲುಕಲು ಒಪ್ಪಲಿಲ್ಲ. ಅವರೇ ಬಗ್ಗಿ ಆಕೆಯ ಕೈ ಹಿಡಿದುಕೊಂಡರು. ಟಿವಿಯವರಿಗೆ ಅದೇ ದೊಡ್ಡದಾಯಿತು. ಆದರೆ ಆಕೆ ಹಾಕಿದ ಷರತ್ತು ಸರಳವಾಗಿತ್ತು: ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರಿಂದ ನಡೆಯುವ ಗ್ರಾಮೀಣ ಅಗ್ನಿಶಾಮಕ ದಳಕ್ಕೆ ಇನ್ನಷ್ಟು ಹಣ ಕೊಡಿ, ಆಮೇಲೆ ಕೈ ಕೊಡುತ್ತೇನೆ.