ಚಲನ್ ಬಿದ್ದರೆ ಗಾಡಿಯ ಇನ್ಶೂರೆನ್ಸ್ ದುಬಾರಿಯಾಗುತ್ತದೆಯೇ? ವೈರಲ್ ಸಂದೇಶದ ಅಸಲಿಯತ್ತು ಇಲ್ಲಿದೆ

"ಎರಡು ಚಲನ್ ಬಾಕಿ ಇದ್ದರೆ ನಿಮ್ಮ ಕಾರಿನ ಇನ್ಶೂರೆನ್ಸ್ ಮೂರು ಪಟ್ಟು! ಹೊಸ ರೂಲ್ಸ್ ಬಂದಿದೆ, ಎಲ್ಲರಿಗೂ ಶೇರ್ ಮಾಡಿ."

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಇಂಥದ್ದೊಂದು ಸಂದೇಶ ಬಂದ ದಿನ, ಮನಗೂಳಿಯಿಂದ ಕಾಕಾ ಫೋನ್ ಮಾಡಿದರು. "ಖರೇ ಏನವಾ ಇದು? ನಂದೂ ಎರಡು ಚಲನ್ ಅದಾವ. ಮೂರು ಪಟ್ಟು ಅಂದ್ರ ಈ ವರ್ಷ ಇನ್ಶೂರೆನ್ಸ್ ಬಿಟ್ಟಬಿಡ್ತೀನಿ. ವಿಜಯಪುರಕ್ಕ ಹೋಗಿ ಬರೂದು ಬಿಟ್ರ ನಾ ಎಲ್ಲಿ ಹೋಗ್ತೀನಿ?"

ಸಂದೇಶ ಸುಳ್ಳೋ ನಿಜವೋ ಎನ್ನುವುದಕ್ಕಿಂತ, ಅದನ್ನು ನಂಬಿ ಕಾಕಾ ತೆಗೆದುಕೊಳ್ಳಲು ಹೊರಟಿದ್ದ ನಿರ್ಧಾರವೇ ಹೆಚ್ಚು ಅಪಾಯದ್ದು. ಯಾಕೆ ಎಂದು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಕರ್ನಾಟಕದಲ್ಲಿ ಚಲನ್ ಬಿದ್ದ ಮಾತ್ರಕ್ಕೆ ಪ್ರೀಮಿಯಂ ತಾನಾಗಿಯೇ ಏರುವ ವ್ಯವಸ್ಥೆ ಇಲ್ಲ. ಆದರೆ ಚಲನ್ ಬೀಳುವಂಥ ಕೆಲವು ತಪ್ಪುಗಳು, ಅಪಘಾತವಾದ ದಿನ ನಿಮ್ಮ ವಿಮೆಯ ರಕ್ಷಣೆಯನ್ನೇ ಕಿತ್ತುಕೊಳ್ಳಬಲ್ಲವು.

ಈ ಸುದ್ದಿ ಹುಟ್ಟಿದ್ದು ಎಲ್ಲಿ?

ಪೂರ್ತಿ ಗಾಳಿಸುದ್ದಿಯೇನಲ್ಲ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ದೊಡ್ಡ ದಂಡಗಳು 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಅದೇ ತಿಂಗಳು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ, ಸಂಚಾರ ಉಲ್ಲಂಘನೆಗೂ ಪ್ರೀಮಿಯಂಗೂ ನಂಟು ಹಾಕಬಹುದೇ ಎಂದು ನೋಡಲು ಒಂದು ಕಾರ್ಯತಂಡ ರಚಿಸಿತು. ಅದರ ವರದಿ 2021ರ ಜನವರಿಯಲ್ಲಿ ಹೊರಬಂತು. ಪಾಲಿಸಿಗೆ 'ಸಂಚಾರ ಉಲ್ಲಂಘನೆ ಪ್ರೀಮಿಯಂ' ಎಂಬ ಹೊಸ ಭಾಗ ಸೇರಿಸಬೇಕು ಎಂಬುದು ಅದರ ಸಲಹೆ. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದರೆ 10 ಅಂಕ. ಅಂಕ ಕೂಡಿದಷ್ಟೂ ಹೆಚ್ಚು ಹಣ. ಮೊದಲು ದೆಹಲಿಯಲ್ಲಿ ಪ್ರಯೋಗ ಮಾಡಿ ನೋಡಬೇಕು ಎಂದೂ ವರದಿ ಹೇಳಿತ್ತು.

ಇದು ಕರಡು ಸಲಹೆ. ಸಲಹೆ ಬೇರೆ, ಜಾರಿಯಾದ ನಿಯಮ ಬೇರೆ. ಬಾಕಿ ಚಲನ್‌ಗೂ ಪ್ರೀಮಿಯಂಗೂ ಗಂಟು ಹಾಕುವ ಚರ್ಚೆ ಆಮೇಲೂ ಪತ್ರಿಕೆಗಳಲ್ಲಿ ಬಂದುಹೋಗಿದೆ. ಪ್ರತಿ ಸಲ "ಆಗಬಹುದು" ಎಂಬ ಸುದ್ದಿ ವಾಟ್ಸಾಪಿಗೆ ಬರುವಷ್ಟರಲ್ಲಿ "ಆಗಿದೆ" ಎಂದಾಗುತ್ತದೆ.

ಇನ್ನೊಂದು ಮೂಲ ಹೊರದೇಶದ ವಿಡಿಯೊಗಳು. ಬ್ರಿಟನ್ನಿನಲ್ಲಿ ತಪ್ಪಿಗೆ ಲೈಸೆನ್ಸ್ ಮೇಲೆ ಪಾಯಿಂಟ್ ಬೀಳುತ್ತದೆ, ವಿಮಾ ಕಂಪನಿ ಅದನ್ನು ಕೇಳಿಯೇ ದರ ಹೇಳುತ್ತದೆ. ಅಮೆರಿಕದಲ್ಲೂ ಚಾಲಕರ ಹಳೆಯ ದಾಖಲೆ ನೋಡುತ್ತಾರೆ. ಅಲ್ಲಿನ ಮಾತನ್ನು ಯಾರೋ ಕನ್ನಡಕ್ಕೆ ತಂದು, "ಹೊಸ ರೂಲ್ಸ್" ಎಂದು ಹಣೆಪಟ್ಟಿ ಹಚ್ಚಿಬಿಡುತ್ತಾರೆ.

ಹಾಗಾದರೆ ನಮ್ಮ ಪ್ರೀಮಿಯಂ ನಿಗದಿಯಾಗುವುದು ಹೇಗೆ?

ಕಾರಿನ ಪಾಲಿಸಿಯಲ್ಲಿ ಮುಖ್ಯವಾಗಿ ಎರಡು ಭಾಗ.

ಒಂದು, ಥರ್ಡ್ ಪಾರ್ಟಿ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಇದು. ಕಡ್ಡಾಯ. ಇದರ ದರವನ್ನು ಕಂಪನಿಯಲ್ಲ, ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯಂತೆ 1000 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. 75ರಿಂದ 150 ಸಿಸಿ ಬೈಕಿಗೆ 714. ಜಿಎಸ್‌ಟಿ ಬೇರೆ. ಈ ಪಟ್ಟಿಯಲ್ಲಿ ಇಂಜಿನ್ ಗಾತ್ರ ಇದೆ, ಚಲನ್ ಎಂಬ ಕಾಲಂ ಇಲ್ಲ.

ಎರಡು, ಓನ್ ಡ್ಯಾಮೇಜ್. ನಿಮ್ಮ ಗಾಡಿಗೆ ಆದ ಹಾನಿಗೆ. ಇದನ್ನು ಕಂಪನಿ ಗಾಡಿಯ ಈಗಿನ ಬೆಲೆ, ವಯಸ್ಸು, ಮಾಡೆಲ್, ನೋಂದಣಿಯಾದ ಊರು ನೋಡಿ ಲೆಕ್ಕ ಹಾಕುತ್ತದೆ. ಇಲ್ಲಿ ಹೆಚ್ಚು ವ್ಯತ್ಯಾಸ ಮಾಡುವುದು ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಇದು ಸೊನ್ನೆಗೆ ಇಳಿಯುತ್ತದೆ. ಉದಾಹರಣೆಗೆ ಈ ಭಾಗದ ಪ್ರೀಮಿಯಂ 6,000 ಇದ್ದು ನಿಮಗೆ ಶೇ 50 ಬೋನಸ್ ಇದ್ದರೆ ಕಟ್ಟುವುದು 3,000. ಬಾಗಿಲಿನ ಗೀರಿಗೆ 2,000 ರೂಪಾಯಿ ಕ್ಲೇಮ್ ಮಾಡಿದರೆ ಮುಂದಿನ ವರ್ಷ 6,000.

ಅಂದರೆ ಚಲನ್ ಅಲ್ಲ, ಕ್ಲೇಮ್ ನಿಮ್ಮ ಪ್ರೀಮಿಯಂ ಏರಿಸುತ್ತದೆ. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಬೋನಸ್ ಹೋಗುತ್ತದೆ. ಕಾಕಾ "ಈ ವರ್ಷ ಬಿಟ್ಟಬಿಡ್ತೀನಿ" ಅಂದದ್ದರ ಮೊದಲ ನಷ್ಟ ಇದೇ.

(ಒಂದು ಅಪವಾದ ಇದೆ. ನೀವು ಹೇಗೆ ಓಡಿಸುತ್ತೀರಿ ಎಂಬುದರ ಮೇಲೆ ದರ ಹಾಕುವ ಹೆಚ್ಚುವರಿ ಯೋಜನೆಗಳಿಗೆ 2022ರ ಜುಲೈನಲ್ಲಿ ಅನುಮತಿ ಸಿಕ್ಕಿದೆ. ಆದರೆ ಅದು ನೀವಾಗಿಯೇ ಆರಿಸಿಕೊಂಡರೆ ಮಾತ್ರ.)

ತಪ್ಪಿನ ನಿಜವಾದ ಬೆಲೆ ಎಲ್ಲಿ?

ಮನಗೂಳಿ ರಾಷ್ಟ್ರೀಯ ಹೆದ್ದಾರಿ 50ರ ಮೇಲಿನ ಊರು. ಹಗಲೂ ರಾತ್ರಿ ಲಾರಿ ಓಡಾಡುವ ರಸ್ತೆಯಲ್ಲೇ ಟ್ರ್ಯಾಕ್ಟರ್, ಬೈಕು, ಕೂಲಿಯವರನ್ನು ತುಂಬಿದ ಗೂಡ್ಸ್ ಗಾಡಿ ಎಲ್ಲವೂ ಹೋಗಬೇಕು. ಇಲ್ಲಿ ನೆನಪಿಡಬೇಕಾದ ಸಂಗತಿಗಳು ಇವು.

ಕುಡಿದು ಓಡಿಸಿದರೆ: ಮೊದಲ ಸಲಕ್ಕೆ 10,000 ರೂಪಾಯಿ ದಂಡ ಒಂದು ಕಡೆ. ಅಪಘಾತವಾದರೆ ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ಹಣ ಕೊಡುವುದಿಲ್ಲ.

ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ: ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಗಾಡಿಯ ಮಾಲೀಕರಿಂದ ವಸೂಲಿ ಮಾಡಲಿ ಎಂದು ನ್ಯಾಯಮಂಡಳಿ ಆದೇಶಿಸಬಹುದು. ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ದಾರಿಯನ್ನು ಸ್ಪಷ್ಟಪಡಿಸಿದೆ. ಓಡಿಸಿದ್ದು ಅಳಿಯನೇ ಆಗಲಿ, ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರಿಗೆ. ಓಡಿಸಿದ್ದು 18 ತುಂಬದ ಮಗನಾದರೆ ತಂದೆ ಅಥವಾ ಗಾಡಿಯ ಮಾಲೀಕರಿಗೆ 25,000 ದಂಡ, 3 ವರ್ಷದವರೆಗೆ ಜೈಲೂ ಆಗಬಹುದು.

ಗೂಡ್ಸ್ ಗಾಡಿಯಲ್ಲಿ ಜನ ಕೂರಿಸಿದರೆ: ಸರಕಿನ ಮಾಲೀಕರು ಅಥವಾ ಅವರ ಪ್ರತಿನಿಧಿ ಸರಕಿನ ಜೊತೆ ಹೋದರೆ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿಸಿಕೊಂಡ ಜನರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಹತ್ತು ಜನರನ್ನು ಹೊಲಕ್ಕೆ ಕರೆದೊಯ್ದ ಗಾಡಿ ಮಗುಚಿದರೆ ಆ ಹೊಣೆ ಮಾಲೀಕರ ತಲೆಗೆ ಬರಬಹುದು. ಕಳೆದುಕೊಂಡ ಮನೆಯವರಿಗೂ ಕೈಗೆ ಏನೂ ಸಿಗದೇ ಹೋಗಬಹುದು.

ಇನ್ಶೂರೆನ್ಸ್ ಇಲ್ಲದೇ ಓಡಿಸಿದರೆ: ಕಾಯ್ದೆಯಲ್ಲಿ ಮೊದಲ ಸಲಕ್ಕೆ 2,000, ಮತ್ತೆ ಸಿಕ್ಕರೆ 4,000 ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಆದರೆ ದೊಡ್ಡ ಪೆಟ್ಟು ದಂಡದ್ದಲ್ಲ. ಒಂದು ಜೀವ ಹೋದರೆ ಲಕ್ಷಗಟ್ಟಲೆ ಪರಿಹಾರವನ್ನು ನೀವೇ ಕಟ್ಟಬೇಕು.

"ಜೋರಾಗಿ ಓಡಿಸಿ ಸತ್ತರೆ ವಿಮೆ ಇಲ್ಲ" ಎಂಬ ತೀರ್ಪು?

ಇದೂ ಎಲ್ಲೆಡೆ ಹರಿದಾಡಿತು. ಪ್ರಕರಣ ನಮ್ಮ ರಾಜ್ಯದ್ದೇ. 2014ರಲ್ಲಿ ಅರಸೀಕೆರೆ ಕಡೆಗೆ ಹೊರಟಿದ್ದ ಕಾರು ಮಗುಚಿ, ಓಡಿಸುತ್ತಿದ್ದವರು ತೀರಿಕೊಂಡರು. ಕುಟುಂಬ 80 ಲಕ್ಷ ರೂಪಾಯಿ ಕೇಳಿತು. ಅಪಘಾತಕ್ಕೆ ಅವರ ಸ್ವಂತ ಅತಿವೇಗವೇ ಕಾರಣ ಎಂದು ಕರ್ನಾಟಕ ಹೈಕೋರ್ಟ್ ಪರಿಹಾರ ನಿರಾಕರಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ.

ಇದರ ಅರ್ಥ ಅತಿವೇಗದ ಗಾಡಿ ಗುದ್ದಿದವರಿಗೆ ಪರಿಹಾರ ಇಲ್ಲ ಎಂದಲ್ಲ. ಅವರಿಗೆ ಥರ್ಡ್ ಪಾರ್ಟಿ ವಿಮೆ ಇದ್ದೇ ಇದೆ. ತನ್ನ ತಪ್ಪಿನಿಂದಲೇ ತನಗಾದ ಹಾನಿಗೆ ಅದು ಬರುವುದಿಲ್ಲ, ಅಷ್ಟೇ. ಮಾಲೀಕರೇ ಓಡಿಸುವಾಗ ಅವರ ಜೀವಕ್ಕೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆಯೇ ಇದೆ. ನಿಮ್ಮ ಪಾಲಿಸಿ ತೆರೆದು ಆ ಸಾಲು ಇದೆಯೇ ನೋಡಿ.

ಕೊನೆಯದಾಗಿ

ಬಾಕಿ ಚಲನ್ ಕಟ್ಟಿಬಿಡಿ. ಇಲ್ಲದಿದ್ದರೆ ಮುಂದೆ ಆರ್‌ಟಿಒ ಕೆಲಸಗಳಿಗೆ ಅಡ್ಡಿಯಾಗಬಹುದು. ರಾಜ್ಯ ಸರ್ಕಾರ 2023ರಲ್ಲೂ 2025ರಲ್ಲೂ ಹಳೆಯ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ಆದರೆ ವಾಟ್ಸಾಪಿನಲ್ಲಿ ಬಂದ "ಇ-ಚಲನ್" ಲಿಂಕನ್ನೋ ಎಪಿಕೆ ಫೈಲನ್ನೋ ಒತ್ತಬೇಡಿ. ಬ್ಯಾಂಕ್ ಖಾತೆ ಖಾಲಿ ಮಾಡುವ ವಂಚಕರು ಬಳಸುವ ದಾರಿ ಅದು. ಪರಿವಾಹನ್ ಜಾಲತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಕಾಕಾಗೆ ಇಷ್ಟನ್ನೂ ಹೇಳಿದೆ. ವಾರದೊಳಗೆ ಪಾಲಿಸಿ ನವೀಕರಿಸಿದರು. ಪ್ರೀಮಿಯಂ ಚಲನ್ ಕಾರಣಕ್ಕೆ ಒಂದು ರೂಪಾಯಿಯೂ ಏರಿರಲಿಲ್ಲ. ಆ ಸಂದೇಶ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಇದನ್ನು ಕಳಿಸಿ. ಕಳಿಸುವ ಮೊದಲು ನಿಮ್ಮ ಪಾಲಿಸಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.